ಟಿಕೋಟಾದ ಮಾನಪ್ಪನ ಕಸುಬು

ಸತ್ತವರು ಸರ್ಕಾರಿ ಕಚೇರಿಗೆ ಬರಬೇಕಾಗಿಲ್ಲ ಎಂಬುದು ಜನರಲ್ಲಿರುವ ಒಂದು ತಪ್ಪು ತಿಳಿವಳಿಕೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಬಂದೇನವಾಜನ ಟಾಯರ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿರುವ ನಮ್ಮ 'ಪೂರ್ವಜ ದೃಢೀಕರಣ ಹಾಗೂ ಕಸುಬು ಮುಂದುವರಿಕೆ ಕಚೇರಿ'ಗೆ ಸತ್ತವರೇ ಮುಖ್ಯ. ಬದುಕಿರುವವರು ಅವರ ಪರವಾಗಿ ಬಂದು ಬೆಂಚಿನ ಮೇಲೆ ಕೂರುತ್ತಾರೆ, ಅಷ್ಟೆ. ನಾನು, ದೇವಾನಂದ, ಈ ಕಚೇರಿಯ ವಿಷಯ ನಿರ್ವಾಹಕ. ಟಿಕೋಟಾದ ಬಡಿಗ ಮಾನಪ್ಪನ ಕಡತ ನನ್ನ ಮೇಜಿನಿಂದ ಹೊರಟು ನನ್ನ ಮೇಜಿಗೇ ಬಂದು ಮುಗಿದದ್ದರಿಂದ, ನಡೆದದ್ದನ್ನು ನಡೆದ ಹಾಗೆ ಬರೆಯುವ ಅಧಿಕಾರ ನನಗಿದೆ ಎಂದು ಭಾವಿಸಿದ್ದೇನೆ.

ಬಬಲೇಶ್ವರದ ಸಂತೆ ಬಯಲಿನ ಪಕ್ಕ ಸರ್ಕಾರ ಒಂದು ಸಾಲು ಮಳಿಗೆ ಕಟ್ಟಿಸಿದೆ. ಹಳ್ಳಿಯ ಹಳೆಯ ಕಸುಬುಗಳು ಅಳಿಯಬಾರದು, ಅಳಿದರೂ ಮಳಿಗೆ ಖಾಲಿ ಇರಬಾರದು ಎಂಬುದು ಯೋಜನೆಯ ಘನ ಉದ್ದೇಶ. ಹಂಚಿಕೆಯ ಹೊಣೆ ನಮ್ಮದು. ನಿಯಮ ಸ್ಪಷ್ಟವಾಗಿದೆ: "ಅರ್ಜಿದಾರನ ಪೂರ್ವಜನು ಹತ್ತೊಂಬತ್ತನೇ ಶತಮಾನದಲ್ಲಿ ಗ್ರಾಮೀಣ ಭಾಗದಲ್ಲಿ ಕಸುಬು ಮಾಡಿರತಕ್ಕದ್ದು. ಸದರಿ ಕಸುಬನ್ನೇ ಅರ್ಜಿದಾರನು ಮಳಿಗೆಯೊಳಗೆ ಯಾವುದೇ ಬದಲಾವಣೆಯಿಲ್ಲದೆ ಮುಂದುವರಿಸತಕ್ಕದ್ದು." ಅರ್ಜಿದಾರನಿಗೆ ಆ ಕಸುಬು ಬರುತ್ತದೆಯೇ ಎಂದು ಕೇಳುವ ನಿಯಮ ಇಲ್ಲ. ಅದು ಅವರವರ ಮನೆಯ ವಿಷಯ, ಕಚೇರಿ ಅದರಲ್ಲಿ ಕೈ ಹಾಕುವುದಿಲ್ಲ.

ಯೋಜನೆ ಚೆನ್ನಾಗಿಯೇ ನಡೆದಿತ್ತು. ಮೊಬೈಲ್ ಕವರ್ ಮಾರುವವನೊಬ್ಬ, ತನ್ನ ಮುತ್ತಜ್ಜನ ಅಪ್ಪ ಊರೂರಿಗೆ ಸುದ್ದಿ ಒಯ್ಯುತ್ತಿದ್ದನೆಂದು ರುಜುವಾತು ಮಾಡಿ ಮೊದಲ ಮಳಿಗೆ ಪಡೆದ. ಸುರೈಯಾ ಎಂಬ ಹೆಣ್ಣುಮಗಳ ಹಿರಿಯರು ಮದುವೆ ಮನೆಗಳಿಗೆ ಅರಿಷಿಣ ಕುಟ್ಟಿ ಕೊಡುತ್ತಿದ್ದರೆಂದು ಸಾಬೀತಾಗಿ ಆಕೆಯ ಬ್ಯೂಟಿ ಪಾರ್ಲರಿಗೆ ಇನ್ನೊಂದು ಹೋಯಿತು. ಹೀಗೆ ಎಲ್ಲ ಹೋಗಿ, ಸಾಲಿನ ತುದಿಯಲ್ಲಿ ಬೇವಿನ ಮರದ ಪಕ್ಕದ ಒಂದು ಮಳಿಗೆ ಉಳಿಯಿತು. ಅದಕ್ಕೆ ಅರ್ಜಿ ಹಾಕಿದವನು ಸಿದ್ದಲಿಂಗೇಶ ಬಡಿಗೇರ.

ಸಿದ್ದಲಿಂಗೇಶನ ತಗಡಿನ ಶೆಡ್ಡು ನಮ್ಮ ಕಚೇರಿಯ ಎದುರಿಗೇ ಇತ್ತು. ನಮ್ಮ ಕಚೇರಿಯಲ್ಲಿ ಯಾವುದಾದರೂ ಬಾಗಿಲು ಮುಚ್ಚುತ್ತಿದ್ದರೆ, ಯಾವುದಾದರೂ ಕುರ್ಚಿ ಅಲುಗಾಡದೆ ನಿಂತಿದ್ದರೆ ಅದು ಅವನ ಕೈಯ ಕೆಲಸ. ಸಾಗವಾನಿ ಹಲಗೆಯ ಮೇಲೆ ಅವನು ರಂದಾ ಹೊಡೆಯುವುದನ್ನು ನೋಡುತ್ತ ನಮ್ಮ ಸಿಬ್ಬಂದಿ ಎಷ್ಟೋ ಕೆಲಸದ ದಿನಗಳನ್ನು ಕಳೆದಿದ್ದಾರೆ. ಈಗ ಜಾಗದ ಮಾಲಕ ಶೆಡ್ಡು ಕೆಡವಿ ಕಾಂಪ್ಲೆಕ್ಸ್ ಕಟ್ಟುವವನಿದ್ದ. ಯುಗಾದಿಯೊಳಗೆ ಬೇರೆ ಜಾಗ ಸಿಗದಿದ್ದರೆ ಸಿದ್ದಲಿಂಗೇಶ ಹತ್ಯಾರು ಮಾರಿ ಪ್ಲೈವುಡ್ ಅಂಗಡಿಯಲ್ಲಿ ಕೂಲಿಗೆ ಹೋಗಬೇಕಿತ್ತು.

"ಅಲ್ಲಿ ದಿನಾ ಅಂಟು ಹಚ್ಚಿ ಮೊಳಿ ಹೊಡಿಯೂದು ಅಷ್ಟ್ರಿ ಸಾಹೇಬ್ರ," ಎಂದ. "ಒಂದು ವರ್ಷ ಮೊಳಿ ಹೊಡದ್ರ ಕೈ ಬಾಚಿ ಮರೀತೈತಿ. ಕೈ ಮರತದ್ದು ಮತ್ತ ಕಲಿಸಾಕ ಬರೂದಿಲ್ಲ."

"ನಿನ್ನ ಕೈ ವಿಷಯ ಬ್ಯಾಡಪಾ," ಎಂದೆ ನಾನು. "ಪೂರ್ವಜ ಯಾರು?"

ಅವನ ತಾಯಿ ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮೂಲಪುರುಷನ ಹೆಸರು ಮಾನಪ್ಪ, ಊರು ಟಿಕೋಟಾ, ಬಡಿಗತನದಲ್ಲಿ ಅಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಎಂದಳು. ಬಾದಶಹಾನ ಅರಮನೆಯ ಬಾಗಿಲು ಕೆತ್ತಿದವನು ಅವನೇ ಅಂತೆ. ಆಕೆಯ ಮಾವ ಸಾಯುವ ತನಕ ಇದನ್ನೇ ಹೇಳುತ್ತಿದ್ದನಂತೆ.

ನಮ್ಮ ಸಹಾಯಕ ನಿರ್ದೇಶಕಿ ಸಂಘಮಿತ್ರಾ ಮೇಡಂ ಕನ್ನಡಕ ತೆಗೆದು ಮೃದುವಾಗಿ ಹೇಳಿದರು: "ಯವ್ವಾ, ಬಾದಶಾಹಿ ಮುಗದು ನೂರಾ ಎಪ್ಪತ್ತು ವರ್ಷ ಆದ ಮ್ಯಾಲ ನಿಮ್ಮ ಮಾನಪ್ಪ ಹುಟ್ಯಾನ."

ಗುರುಸಿದ್ದವ್ವ ಸ್ವಲ್ಪವೂ ಕಳವಳಗೊಳ್ಳಲಿಲ್ಲ. "ಹಂಗಾರ ರಿಪೇರಿ ಮಾಡಿರಬೇಕು ತಗೋರಿ," ಎಂದಳು.

ದಾಖಲೆ ಶೋಧನೆ ಆರಂಭವಾಯಿತು. ಟಿಕೋಟಾ ಭಾಗದ ಹಳೆಯ ಕಾಗದಗಳು ಕೆಂಪು ಬಟ್ಟೆಯ ಗಂಟುಗಳಲ್ಲಿ ನಮ್ಮ ಕೋಣೆಯ ಅಟ್ಟದ ಮೇಲಿವೆ. ಅವೆಲ್ಲ ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿವೆ. ಮೋಡಿ ಓದುವವರು ನಿವೃತ್ತರಾಗಿ ಬಹಳ ಕಾಲವಾಗಿದೆ. ಅವರ ಹುದ್ದೆಗೆ ಅರ್ಜಿ ಕರೆಯಬೇಕಾದರೆ ಆ ಹುದ್ದೆ ಮೊದಲು ಸೃಷ್ಟಿಯಾದ ಆದೇಶ ಬೇಕು, ಆ ಆದೇಶ ಮೋಡಿಯಲ್ಲಿದೆ. ನಾನು ಎಲ್ಲ ಗಂಟುಗಳನ್ನು ಬಿಚ್ಚಿ, ಧೂಳು ಝಾಡಿಸಿ, ಮತ್ತೆ ಕಟ್ಟಿ, ಕಡತದಲ್ಲಿ ಹೀಗೆ ಷರಾ ಬರೆದೆ: "ದಾಖಲೆಗಳನ್ನು ಕೂಲಂಕಷವಾಗಿ ನೋಡಲಾಯಿತು. ಓದಲಾಗಲಿಲ್ಲ. ಸದರಿ ದಾಖಲೆಗಳು ಅರ್ಜಿಯನ್ನು ವಿರೋಧಿಸಿದಂತೆ ಕಂಡುಬಂದಿರುವುದಿಲ್ಲ."

ಮೇಡಂ ಓದಿ ಮೆಚ್ಚಿಕೊಂಡರು. ಆದರೆ ವಿರೋಧಿಸದಿದ್ದರೆ ಸಾಲದು, ಬೆಂಬಲಿಸಬೇಕು. ಕಾಗದ ಬಾಯಿ ಬಿಡದಿದ್ದಾಗ ಏನು ಮಾಡಬೇಕೆಂಬುದಕ್ಕೂ ಒಂದು ಉಪನಿಯಮವಿದೆ. ಮನೆತನದ ಹೆಳವನ ಹೇಳಿಕೆಯನ್ನು ದಾಖಲೆಯೆಂದು ಪರಿಗಣಿಸಬಹುದು.

ನಮ್ಮ ಕಡೆ ಹೆಳವರು ಕೆಲವು ವರ್ಷಗಳಿಗೊಮ್ಮೆ ಎತ್ತಿನ ಮೇಲೆ ಕುಳಿತು ಮನೆಯ ಹೊಸ್ತಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನ ತನಕ ಆ ಮನೆಯ ವಂಶಾವಳಿ ಹೇಳಿ ಕಾಳು ಪಡೆದು ಹೋಗುತ್ತಾರೆ. ಬಡಿಗೇರ ಮನೆತನಕ್ಕೂ ಒಬ್ಬ ಹೆಳವನಿದ್ದ. ಆದರೆ ಗುರುಸಿದ್ದವ್ವನ ಮಾವ ಟಿಕೋಟಾ ಬಿಟ್ಟು ಶಹರಕ್ಕೆ ಬರುವಾಗ ಯಾರಿಗೂ ವಿಳಾಸ ಕೊಡದೆ ಬಂದಿದ್ದರಿಂದ ಸಂಬಂಧ ಕಡಿದು ಹೋಗಿತ್ತು. ಒಬ್ಬ ಬಡಿಗ ವಿಳಾಸ ಮುಚ್ಚಿಡಲು ಕಾರಣವೇನೆಂದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ವಿಚಾರಿಸಿದಾಗ, ಆ ಹೆಳವರ ಮನೆತನದ ಭಾಗಪ್ಪ ಎಂಬವನು ಸುತ್ತಾಟದ ಮೇಲೆ ತೊರವಿಗೆ ಬಂದಿದ್ದಾನೆಂದು ತಿಳಿಯಿತು. ನಾನು ನೋಟೀಸು ಹಿಡಿದು ಹೋದೆ. ಭಾಗಪ್ಪ ದಪ್ಪ ಮೀಸೆಯ, ದೊಡ್ಡ ರುಮಾಲಿನ ಆಸಾಮಿ. ಬಿಳಿ ಎತ್ತಿನ ಮೇಲೆ ಕುಳಿತೇ ನೋಟೀಸು ತೆಗೆದುಕೊಂಡ, ಕುಳಿತೇ ಅದನ್ನು ನನಗೆ ವಾಪಸು ಕೊಟ್ಟ.

"ಬಡಿಗೇರ ಮಾನಪ್ಪನ ವಂಶ ಬಾಯಿಪಾಠ ಐತಿ," ಎಂದ. "ಆದ್ರ ನಮ್ಮದೂ ನೇಮ ಅದಾವ್ರಿ. ಆ ಮನಿತನದ ಹೊಸ್ತಿಲ ಮುಂದ ಹೇಳಬೇಕು. ಮನಿ ಹಿರೇಮನಷ್ಯಾಳು ಮೊರದಾಗ ಕಾಳು ಹಿಡದು ನಿಂದರಬೇಕು. ನಡುವ ಯಾರರ ತಡದ್ರ ಮತ್ತ ಮೂಲಪುರುಷನಿಂದ ಸುರು ಮಾಡಬೇಕು."

"ಆಫೀಸಿಗೆ ಬಂದು ಹೇಳಿ ಹೋಗಪಾ. ಎತ್ತು ಕೆಳಗ ಕಟ್ಟಿ ಮ್ಯಾಲ ಬಾ."

"ಎತ್ತು ಇಳದು ಹೇಳಿದ್ರ ಅದು ಬರೇ ಮಾತು ಆಕ್ಕೈತಿ. ಎತ್ತಿನ ಮ್ಯಾಲ ಕುಂತು ಹೇಳಿದ್ರ ವಂಶಾವಳಿ ಆಕ್ಕೈತಿ. ನಿಮಗ ಯಾವುದು ಬೇಕು ನೋಡ್ರಿ."

ಅವನ ಮಾತಿನಲ್ಲಿ ನನಗೆ ನಮ್ಮ ಇಲಾಖೆಯ ಹಿರಿಯರೊಬ್ಬರ ಗತ್ತು ಕಂಡಿತು. ಗೌರವ ಮೂಡಿತು. ಮೇಡಂಗೆ ವರದಿ ಮಾಡಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ನಿಯಮ ಉಳ್ಳವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಪ್ರೀತಿ. ಮರುದಿನ ಈ ಕೆಳಗಿನ ಜ್ಞಾಪನ ಹೊರಬಿತ್ತು:

"ಬರುವ ಸೋಮವಾರ ಕಚೇರಿ ತೆರೆದಾಗಿನಿಂದ ಊಟದ ವಿರಾಮದವರೆಗೆ ಈ ಕಟ್ಟಡದ ಮುಂಬಾಗಿಲಿನ ಹೊಸ್ತಿಲನ್ನು ಟಿಕೋಟಾದ ಬಡಿಗೇರ ಮನೆತನದ ಹೊಸ್ತಿಲೆಂದು ಪರಿಗಣಿಸತಕ್ಕದ್ದು. ಸದರಿ ಅವಧಿಯಲ್ಲಿ ಸಿಬ್ಬಂದಿಯು ಹೊಸ್ತಿಲು ತುಳಿಯದೆ ದಾಟತಕ್ಕದ್ದು. ಊಟದ ವಿರಾಮದ ನಂತರ ಎಂದಿನಂತೆ ತುಳಿಯಬಹುದು."

ಸೋಮವಾರ ಭಾಗಪ್ಪ ಗಂಟೆ ಬಾರಿಸುತ್ತ ಬಂದ. ಬಾಗಿಲಲ್ಲಿ ಕಾವಲುಗಾರ ತಡೆದು ಗುರುತಿನ ಚೀಟಿ ಕೇಳಿದ. ಭಾಗಪ್ಪನ ಬಳಿ ಯಾವ ಚೀಟಿಯೂ ಇರಲಿಲ್ಲ. ಆದರೆ ಎತ್ತಿನ ಕಿವಿಯಲ್ಲಿ ಪಶುವೈದ್ಯರು ಹೊಡೆದ ಹಳದಿ ಬಿಲ್ಲೆ ಇತ್ತು, ಅದರ ಮೇಲೆ ಸರ್ಕಾರವೇ ಕೊಟ್ಟ ನಂಬರ್ ಇತ್ತು. ಕಾವಲುಗಾರ ಆ ನಂಬರನ್ನೇ ಬರೆದುಕೊಂಡು, ಎತ್ತನ್ನು ಸಾಕ್ಷಿದಾರನೆಂದೂ ಭಾಗಪ್ಪನನ್ನು ಅದರ ಜೊತೆ ಬಂದವನೆಂದೂ ನಮೂದಿಸಿದ. ನಮ್ಮ ಕಚೇರಿಯಲ್ಲಿ ಇದಕ್ಕಿಂತ ಗಟ್ಟಿ ಗುರುತಿನ ಸಾಕ್ಷಿ ಹಿಂದೆ ಬಂದಿರಲಿಲ್ಲ.

ಗುರುಸಿದ್ದವ್ವ ಇಳಕಲ್ಲ ಸೀರೆಯುಟ್ಟು, ಮೊರದಲ್ಲಿ ಬಿಳಿಜೋಳ ತುಂಬಿಕೊಂಡು ಹೊಸ್ತಿಲೊಳಗೆ ನಿಂತಳು. ಸಿದ್ದಲಿಂಗೇಶ ಪಕ್ಕದಲ್ಲಿ ಕೈಮುಗಿದು ನಿಂತ. ಮೇಡಂ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡರು. ನಾನು ಬರೆದುಕೊಳ್ಳಲು ಸಿದ್ಧನಾದೆ. ಭಾಗಪ್ಪ ಕಣ್ಣು ಮುಚ್ಚಿ, ದನಿ ಎತ್ತಿದ.

"ಕೇಳ್ರಿ ಬಡಿಗೇರ ಮನಿತನದ ಹಿರಿಯರ, ಕಿರಿಯರ. ಮೂಲಪುರುಷ ಮಾನಪ್ಪ. ಟಿಕೋಟಾದ ಅಗಸಿ ಒಳಗ ಮನಿ. ಕಸುಬಿಗೆ ಸುಗ್ಗಿಗೊಮ್ಮೆ ಊರು ಅಳೆಯೂ ಕಾಳು, ಊರ ಆಯದಾಗ ಒಂದು ಆಯ..."

ಅಷ್ಟರಲ್ಲಿ ಟಾಯರ್ ಅಂಗಡಿಗೆ ಬಂದ ಲಾರಿ ಹಾರ್ನ್ ಹೊಡೆಯಿತು. ಭಾಗಪ್ಪ ಕಣ್ಣು ತೆರೆದು, ಮತ್ತೆ ಮುಚ್ಚಿ, "ಕೇಳ್ರಿ ಬಡಿಗೇರ ಮನಿತನದ ಹಿರಿಯರ," ಎಂದು ಮೊದಲಿನಿಂದ ಎತ್ತಿಕೊಂಡ. ಮೇಡಂ ಬಂದೇನವಾಜನಿಗೆ ಹೇಳಿಕಳಿಸಿ ರಸ್ತೆಯ ಆ ಬದಿಯ ಹಾರ್ನುಗಳನ್ನು ಊಟದ ವಿರಾಮದವರೆಗೆ ಮುಂದೂಡಿಸಿದರು.

"...ಊರ ಆಯದಾಗ ಒಂದು ಆಯ. ಮಾನಪ್ಪ ಗಾಲಿ ಕಟ್ಟಿದಾ. ಆ ಬಂಡಿ ಏರಿ ಟಿಕೋಟಾದ ಮದಲಗಿತ್ತಿ ಬಬಲೇಶ್ವರಕ್ಕ ಹೊಂಟಳು. ದಾರ್ಯಾಗ ಗಾಲಿ ಕಳಚಿತು. ಮದಲಗಿತ್ತಿಗಿಂತ ಮೊದಲ ಗಾಲಿ ಬಬಲೇಶ್ವರ ಮುಟ್ಟಿತು..."

ಗುರುಸಿದ್ದವ್ವ ಜೋರಾಗಿ ಕೆಮ್ಮಿದಳು. ಭಾಗಪ್ಪ ನಿಲ್ಲಿಸಿ ಮತ್ತೆ ಮೂಲಪುರುಷನಿಂದ ಶುರು ಮಾಡಿದ. ಗಾಲಿ ಕಳಚುವ ಹೊತ್ತಿಗೆ ಸರಿಯಾಗಿ ಆಕೆಗೆ ಮತ್ತೆ ಕೆಮ್ಮು ಬಂತು. ಮುಂದಿನ ಸಲ ಕೆಮ್ಮು ಸಾಲದೆ ಕೈಯಲ್ಲಿನ ಮೊರವನ್ನೇ ಜಾರಿಸಿದಳು, ಜೋಳವೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು. ಎತ್ತು ಬಗ್ಗಿ ತಿನ್ನತೊಡಗಿತು. ಊಟದ ವಿರಾಮ ಹತ್ತಿರವಾಗುತ್ತಿತ್ತು. ಅದಾದ ಮೇಲೆ ಹೊಸ್ತಿಲು ಮತ್ತೆ ಟಾಯರ್ ಅಂಗಡಿಯದಾಗುತ್ತಿತ್ತು.

"ಬಿಡಬೇ ಯವ್ವಾ," ಎಂದ ಸಿದ್ದಲಿಂಗೇಶ, ಮೆಲ್ಲಗೆ. "ಹೇಳಲಿ. ಮಳಿಗಿ ಬೇಕಾಗೇತಿ ನನಗ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾದಳು. ಭಾಗಪ್ಪ ತುದಿಯವರೆಗೆ ಹೇಳಿದ.

"...ಮುಹೂರ್ತ ಮೀರಿತು. ಊರ ಹಿರಿಯರು ಚಾವಡ್ಯಾಗ ಕೂಡಿದ್ರು. ಆಯ ನಿಲ್ಲಸಾಕ ಬರೂದಿಲ್ಲ, ಅದು ವಂಶದ್ದು. ಗಾಲಿ ಕಟ್ಟಸಾಕ ಬರೂದಿಲ್ಲ, ಅದು ಜೀವದ್ದು. ಹಿರಿಯರು ಮಾನಪ್ಪಗ ಅಂದ್ರು: ಸುಗ್ಗಿ ಸುಗ್ಗಿಗೆ ನಿನ್ನ ಕಾಳು ನಿನಗ ಮುಟ್ಟತೈತಿ, ನೀ ಬಾಚಿ ಮುಟ್ಟಬ್ಯಾಡ. ಬಬಲೇಶ್ವರದವರು ಸುದ್ದಿ ಕೇಳಿ ತಾವೂ ಒಂದು ಚೀಲ ಜೋಳ ಕಳಿಸಿದ್ರು, ನಮ್ಮ ಊರ ಕಡೆ ಬರಬ್ಯಾಡಂತ. ಮಾನಪ್ಪ ಕೈಕಟ್ಟಿ ಕುಂತಾ, ಆಯ ತಿಂದಾ, ಸುಖದಿಂದ ಸತ್ತಾ. ಮಾನಪ್ಪನ ಮಗ ಕಾಳಪ್ಪ. ನಾಚಿಕಿಗೆ ಬಾಚಿ ಹಿಡದಾ, ಹಗಲೂ ರಾತ್ರಿ ಕೆತ್ತಿದಾ, ಕೈ ಕುದುರಿತು..."

ಮುಂದಿನ ತಲೆಮಾರುಗಳೆಲ್ಲ ಒಳ್ಳೆಯ ಬಡಿಗರೇ. ಆದರೆ ಅವರು ಇಪ್ಪತ್ತನೇ ಶತಮಾನದಲ್ಲಿ ಕೆತ್ತಿದ್ದರಿಂದ ನಾನು ಬರೆದುಕೊಳ್ಳಲಿಲ್ಲ.

ಭಾಗಪ್ಪ ಉಳಿದ ಕಾಳು ಚೀಲಕ್ಕೆ ಹಾಕಿಸಿಕೊಂಡು ಹೊರಟುಹೋದ. ಗುರುಸಿದ್ದವ್ವ ಮೆಟ್ಟಿಲ ಮೇಲೆ ಕುಸಿದು ಕುಳಿತಳು. "ಮಾವ ಟಿಕೋಟಾ ಯಾಕ ಬಿಟ್ಟಾ ಅನ್ನೂದು ಈಗ ತಿಳೀತು," ಎಂದಳು. "ಅರಮನಿ ಬಾಗಲಾ ಅಂತ ಅರಮನಿ ಬಾಗಲಾ."

ಸಿದ್ದಲಿಂಗೇಶನ ಅರ್ಜಿ ಬಿದ್ದುಹೋಯಿತೆಂದೇ ನಾನು ತಿಳಿದಿದ್ದೆ. ಕಸುಬು ಮಾಡದ ಪೂರ್ವಜನನ್ನು ಕಸುಬುದಾರನೆನ್ನುವುದು ಹೇಗೆ? ತಿರಸ್ಕರಿಸಬಹುದೆಂದು ಟಿಪ್ಪಣಿ ಬರೆದು ಕಡತ ಮಂಡಿಸಿದೆ. ಮೇಡಂ ಆ ಕಡತವನ್ನು ಮನೆಗೆ ಒಯ್ದರು. ಅವರಿಗೆ ಸಿದ್ದಲಿಂಗೇಶನ ಮೇಲೆ ನಿಜವಾದ ಕನಿಕರವಿತ್ತು, ಅವರು ಕೂರುವ ಕುರ್ಚಿಯೂ ಅವನೇ ಮಾಡಿಕೊಟ್ಟದ್ದು. ಮರುದಿನ ಅವರ ಆದೇಶ ಬಂತು. ಅದರ ಮುಖ್ಯ ಭಾಗ ಹೀಗಿದೆ:

"ನಿಯಮಗಳ ಪ್ರಕಾರ ಯಾವುದಕ್ಕೆ ಪ್ರತಿಫಲ ಸಲ್ಲುತ್ತದೆಯೋ ಅದೇ ಕಸುಬು. ಸದರಿ ಮಾನಪ್ಪನಿಗೆ ಬಡಿಗತನ ಮಾಡದೆ ಇರುವುದಕ್ಕಾಗಿ ಎರಡು ಊರುಗಳಿಂದ ಪ್ರತಿಫಲ ಸಂದಿದೆ. ಆದ್ದರಿಂದ ಬಡಿಗತನ ಮಾಡದೆ ಇರುವುದೇ ಆತನ ಕಸುಬೆಂದೂ, ಸದರಿ ಕಸುಬಿನಲ್ಲಿ ಆತ ಕೊನೆಯವರೆಗೆ ಯಾವುದೇ ಲೋಪ ಎಸಗಿಲ್ಲವೆಂದೂ ತೀರ್ಮಾನಿಸಲಾಗಿದೆ. ಮಳಿಗೆಯನ್ನು ಮಂಜೂರು ಮಾಡಿದೆ. ಅರ್ಜಿದಾರನು ಪೂರ್ವಜನ ಕಸುಬನ್ನು ಮಳಿಗೆಯೊಳಗೆ ಯಾವುದೇ ಬದಲಾವಣೆಯಿಲ್ಲದೆ ಮುಂದುವರಿಸತಕ್ಕದ್ದು. ಬಾಚಿ, ಉಳಿ, ರಂದಾ, ಗರಗಸ ಇತ್ಯಾದಿಗಳನ್ನು ಒಳಗೆ ತರತಕ್ಕದ್ದಲ್ಲ."

ಆದೇಶವನ್ನು ಓದಿದ ಕೂಡಲೇ ನಮ್ಮ ಹಿರಿಯ ಸಿಬ್ಬಂದಿ ಅದರ ತಾತ್ಪರ್ಯವನ್ನು ಗ್ರಹಿಸಿದರು. ಯಾರಿಗೂ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಅಗತ್ಯ ಬಿದ್ದದ್ದು ಸಿದ್ದಲಿಂಗೇಶನಿಗೆ ಮಾತ್ರ. ಅವನು ಆದೇಶ ಹಿಡಿದುಕೊಂಡು ಮೇಡಂ ಎದುರು ನಿಂತ. "ಮೇಡಂರಿ, ಮಳಿಗಿ ಕೊಟ್ಟದ್ದು ದೊಡ್ಡ ಉಪಕಾರ ಆತು. ಆದ್ರ ನನಗ ಕೆಲಸ ಬರತೈತ್ರಿ."

ಮೇಡಂ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನನಗ ಗೊತ್ತೈತಿ ತಮ್ಮಾ. ಆದ್ರ ಅದನ್ನ ಎಲ್ಲೂ ಬರದು ಕೊಡಬ್ಯಾಡ. ನಿನ್ನ ಕೇಸ್ ಕೆಡತೈತಿ."

"ಹಂಗಾರ ಒಳಗ ಏನ ಮಾಡ್ಲಿರಿ?"

"ಮಾಡಬಾರದು," ಎಂದರು ಮೇಡಂ. "ಅದಕ್ಕ ಕೊಟ್ಟೇವಿ."

ಯುಗಾದಿ ಮುಂದೆ ನಿಂತಿತ್ತು, ಶೆಡ್ಡಿನ ತಗಡು ಕಳಚುತ್ತಿದ್ದರು. ಸಿದ್ದಲಿಂಗೇಶ ಸಹಿ ಮಾಡಿದ. ಸಹಿ ಮಾಡುವಾಗ ಅವನ ಕೈಯಿಂದ ಪೆನ್ನು ಜಾರಿ ಬಿದ್ದದ್ದನ್ನು ಮೇಡಂ ಗಮನಿಸಿ, ಕಸುಬಿಗೆ ಒಳ್ಳೆಯ ಲಕ್ಷಣವೆಂದು ನನಗೆ ಆಮೇಲೆ ಹೇಳಿದರು.

ಇಷ್ಟೊಂದು ಖಚಿತವಾಗಿ ಪತ್ತೆಯಾದ ಪೂರ್ವಜ ನಮ್ಮ ಕಚೇರಿಗೆ ಸಿಕ್ಕಿದ್ದು ಇದೇ ಮೊದಲು. ಆತನ ಭಾವಚಿತ್ರವನ್ನು ಸಭಾಂಗಣದಲ್ಲಿ ಹಾಕಬೇಕೆಂದು ಸಿಬ್ಬಂದಿ ಒಕ್ಕೊರಲಿನಿಂದ ಕೇಳಿಕೊಂಡರು. ಅಂಗಡಿ ಬೋರ್ಡು ಬರೆಯುವ ಅಲ್ಲಾಉದ್ದೀನನನ್ನು ಕರೆಸಿದೆವು. ಮಾನಪ್ಪನ ಮುಖ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಆತ ಕಚೇರಿಯಲ್ಲಿ ಒಂದು ದಿನ ಕುಳಿತು, ಸಿಬ್ಬಂದಿಯನ್ನು ನೋಡಿಯೇ ಬರೆದ. ರುಮಾಲು, ಮೀಸೆ ಎಲ್ಲ ಬರೆದಾದ ಮೇಲೆ ಕುಂಚ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ: "ಕೈಯಾಗ ಏನ ಇಡ್ಲಿರಿ? ಬಾಚಿ ಇಡ್ಲೋ, ಉಳಿ ಇಡ್ಲೋ?"

"ಏನೂ ಬ್ಯಾಡ. ಕೈ ಕಟ್ಟಿಸು," ಎಂದರು ಮೇಡಂ.

ಚಿತ್ರ ಚೆನ್ನಾಗಿ ಬಂದಿದೆ. ಯಾವ ಕಡೆಯಿಂದ ನೋಡಿದರೂ ನಮ್ಮಲ್ಲಿ ಯಾರಾದರೊಬ್ಬರ ಹಾಗೆ ಕಾಣುತ್ತದೆ. ಈಗ ದಿನವೂ ಹಾಜರಿ ಹಾಕುವ ಮೊದಲು ಎಲ್ಲರೂ ಅದಕ್ಕೊಂದು ನಮಸ್ಕಾರ ಹಾಕಿಯೇ ಕೂರುತ್ತಾರೆ.

ಬಬಲೇಶ್ವರದಲ್ಲಿ ಮಳಿಗೆಯ ಉದ್ಘಾಟನೆಯಾಯಿತು. "ಇಲ್ಲಿ ಬಡಿಗತನ ಮಾಡಲಾಗುವುದಿಲ್ಲ" ಎಂಬ ಫಲಕವನ್ನೂ ಅಲ್ಲಾಉದ್ದೀನನೇ ಬರೆದ. ಕಚೇರಿಯಿಂದ ವರ್ಷಕ್ಕೊಮ್ಮೆ ಆಯದ ಕಾಳು ಕೊಡಲು ಹೊಸ ಲೆಕ್ಕಶೀರ್ಷಿಕೆ ತೆರೆಯಲಾಯಿತು. ಊರಿನ ವರ್ತಕರಿಗೆ ವಿಷಯ ತಿಳಿದು, ಹಿಂದಿನವರು ಕೊಟ್ಟದ್ದನ್ನು ತಾವು ನಿಲ್ಲಿಸಿದರೆ ಏನಾದರೂ ಕೆಡುಕಾದೀತೆಂದು ಅವರೂ ಒಂದು ಚೀಲ ಬಿಳಿಜೋಳ ತಂದು ಇಳಿಸಿದರು.

ಇದರಿಂದ ಉಳಿದ ಮಳಿಗೆಯವರಿಗೆ ಸಹಜವಾಗಿಯೇ ನೋವಾಯಿತು. ತಾವು ಬೆಳಗಿನಿಂದ ಸಂಜೆಯ ತನಕ ಗಿರಾಕಿಗಳ ಜೊತೆ ಬಾಯಿ ಬಡಿದುಕೊಳ್ಳಬೇಕು, ಪಕ್ಕದವನಿಗೆ ಸುಮ್ಮನಿದ್ದದ್ದಕ್ಕೆ ಕಾಳು! ಎಲ್ಲರೂ ತಮ್ಮ ಪೂರ್ವಜರನ್ನು ಮರುಪರಿಶೀಲಿಸಬೇಕೆಂದು ಅರ್ಜಿ ಹಾಕಿದರು. ಮೊಬೈಲ್ ಕವರಿನವನು ತನ್ನ ಮುತ್ತಜ್ಜನ ಅಪ್ಪ ಸುದ್ದಿ ಒಯ್ಯುತ್ತಿರಲಿಲ್ಲ, ದಾರಿಯಲ್ಲಿ ಮಲಗುತ್ತಿದ್ದ ಎಂದು ಪ್ರಮಾಣಪತ್ರ ಮಾಡಿಸಿದ. ನೋಡನೋಡುತ್ತ ಜಿಲ್ಲೆಯ ಮರ್ಯಾದಸ್ಥ ಮನೆತನಗಳೆಲ್ಲ ತಮ್ಮ ಹಿರಿಯರಲ್ಲಿ ಒಬ್ಬನಾದರೂ ಮೈಗಳ್ಳನಿದ್ದಾನೆಯೇ ಎಂದು ಹುಡುಕತೊಡಗಿದವು. ಭಾಗಪ್ಪನ ಎತ್ತು ನಿಂತಲ್ಲಿ ನಿಲ್ಲಲಿಲ್ಲ.

ಒಂದು ದಿನ ಆತ ನನ್ನೆದುರು ಬೇಸರ ತೋಡಿಕೊಂಡ. "ಎಷ್ಟು ಮನಿ ಹೇಳಿದ್ರೂ ಅಷ್ಟರಿ. ಎಲ್ಲಾರೂ ದುಡದ ಸತ್ತಾರ. ಕೆರಿ ಕಡದಾರ, ಬಾಂವಿ ತೋಡ್ಯಾರ, ಕಲ್ಲು ಹೊತ್ತಾರ. ಕೈಕಟ್ಟಿ ಕುಂತಾಂವ ಒಬ್ಬನೂ ಸಿಗವಲ್ಲ. ಕೇಳಿದವರು ಮಾರಿ ಸಣ್ಣ ಮಾಡಿ ಕಾಳು ಹಾಕತಾರ."

ನಾನು ತಿಂಗಳಿಗೊಮ್ಮೆ ಮಳಿಗೆಯ ತಪಾಸಣೆಗೆ ಹೋಗುತ್ತಿದ್ದೆ. ನೋಡಬೇಕಾದದ್ದು ಒಂದೇ: ನೆಲದ ಮೇಲೆ ಕಟ್ಟಿಗೆಯ ಹೊಟ್ಟು ಬಿದ್ದಿರಬಾರದು. ಬಿದ್ದಿದ್ದರೆ ಕೆಲಸ ನಡೆದಿದೆಯೆಂದು ಅರ್ಥ, ಮಂಜೂರಾತಿ ರದ್ದು. ಮಳಿಗೆ ಯಾವಾಗಲೂ ತೊಳೆದಿಟ್ಟ ಹಾಗಿರುತ್ತಿತ್ತು. ನಡುವೆ ಒಂದು ಕುರ್ಚಿ, ಅದರ ಬೆನ್ನಿಗೆ ಸಿದ್ದಲಿಂಗೇಶನ ಟವೆಲ್. ಕುರ್ಚಿಯ ಮೇಲೆ ಟವೆಲ್ ಇದ್ದರೆ ಮನುಷ್ಯ ಹಾಜರಿದ್ದಾನೆಂದು ತಿಳಿಯುವುದು ಇಲಾಖೆಯಲ್ಲಿ ಮೊದಲಿನಿಂದ ಬಂದ ಪದ್ಧತಿ. ಆದ್ದರಿಂದ ನಾನು ಹಾಜರಿ ಹಾಕಿ ಹೊರಗೆ ಬರುತ್ತಿದ್ದೆ.

ಹೊರಗೆ ಬೇವಿನ ಮರದ ಕೆಳಗೆ ಸಿದ್ದಲಿಂಗೇಶ ಕೆಲಸ ಮಾಡುತ್ತಿದ್ದ. ಬಿಸಿಲು ಸರಿದಂತೆ ತಾನೂ ಸರಿಯುತ್ತ, ಮಳೆ ಬಂದರೆ ಹಲಗೆಗಳ ಮೇಲೆ ತಾಡಪತ್ರಿ ಹೊದಿಸಿ ತಾನು ನೆನೆಯುತ್ತ ಕೆತ್ತುತ್ತಿದ್ದ. ಸಂಜೆ ಹತ್ಯಾರುಗಳನ್ನು ಪಕ್ಕದ ಚಹಾದಂಗಡಿಯ ಮಾಬುಬಿಯ ಬಳಿ ಇಟ್ಟು ಹೋಗುತ್ತಿದ್ದ. ಬೀಗ ಹಾಕುವ ಮಳಿಗೆಯೊಳಗೆ ಅವುಗಳಿಗೆ ಪ್ರವೇಶವಿರಲಿಲ್ಲ. ಬಬಲೇಶ್ವರದ ಸುತ್ತಿನ ಹೊಸ ಮನೆಗಳ ತಲೆಬಾಗಿಲು ಹೆಚ್ಚಾಗಿ ಆ ಮರದ ಕೆಳಗೇ ಹುಟ್ಟಿದವು. ನಮ್ಮ ನಿಯಮಗಳು ಮಳಿಗೆಯೊಳಗಿನದನ್ನು ಮಾತ್ರ ನೋಡುತ್ತವೆ. ಮರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಸುಗ್ಗಿ ಮುಗಿದು, ಆಯದ ಜೋಳ ಬಂದು ಕೆಲವು ದಿನಗಳಾದ ಮೇಲೆ, ಒಂದು ಸಂತೆಯ ದಿನ ನಾನು ತಪಾಸಣೆಗೆ ಹೋಗಿದ್ದಾಗಲೇ ಭಾಗಪ್ಪ ಗಂಟೆ ಬಾರಿಸುತ್ತ ಬಂದ. ಮನೆತನ ಮತ್ತೆ ಸಿಕ್ಕಿತ್ತಲ್ಲ, ವಂಶಾವಳಿಗೆ ಹೊಸ ತಲೆಮಾರು ಸೇರಿಸಬೇಕಿತ್ತು. ಗುರುಸಿದ್ದವ್ವ ಮಳಿಗೆಯ ಹೊಸ್ತಿಲಲ್ಲಿ ಮೊರ ಹಿಡಿದು ನಿಂತಳು. ಸಿದ್ದಲಿಂಗೇಶ ಬಾಚಿ ಕೆಳಗಿಟ್ಟು ಬಂದ. ಅವನ ಮೊಣಕೈ ತನಕ ಹೊಟ್ಟು ಹತ್ತಿತ್ತು. ಸಂತೆಗೆ ಬಂದವರು ನಾಲ್ಕು ಜನ ನಿಂತು ಕೇಳಿದರು.

ಭಾಗಪ್ಪ ಮಾನಪ್ಪನನ್ನು ಹೇಳಿದ, ಗಾಲಿಯನ್ನು ಹೇಳಿದ, ಕಾಳಪ್ಪನನ್ನು ಹೇಳಿದ. ಗುರುಸಿದ್ದವ್ವ ಕೆಮ್ಮಲಿಲ್ಲ. ಆಕೆಯ ಮಾವ, ಗಂಡ ಎಲ್ಲ ಬಂದು ಹೋದರು. ಕೊನೆಗೆ ಭಾಗಪ್ಪ ದನಿ ಎತ್ತಿ ಹೇಳಿದ:

"...ಅವನ ಮಗ ಸಿದ್ದಲಿಂಗೇಶ. ಬಬಲೇಶ್ವರದಾಗ ಮಳಿಗಿ. ಕೈಕಟ್ಟಿ ಕುಂತಾ, ಆಯ ತಿಂದಾ."

ನಾನು ಕಡತ ಬಿಚ್ಚಿ ಮೇಲಿನಿಂದ ಕೆಳಗಿನ ತನಕ ನೋಡಿದೆ. ತಪಾಸಣಾ ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.

"ಭಾಗಪ್ಪಣ್ಣಾ," ಎಂದ ಸಿದ್ದಲಿಂಗೇಶ. "ಒಂದು ಮಾತು. ನಾಳೆ ನನ್ನ ಮಕ್ಕಳ ಮನಿ ಮುಂದೂ ಇದನ್ನ ಹೇಳಾಂವ ನೀ. ಈ ಮರದ ಕೆಳಗ ನೋಡು. ಹೊಸ ಚೌಕಟ್ಟು, ಇನ್ನೂ ಹಸಿ ವಾಸನಿ ಐತಿ. ಇದನ್ನ ಒಂದಿಷ್ಟು ಸೇರಸಾಕ ಬರೂದಿಲ್ಲೇನು?"

ಭಾಗಪ್ಪ ಎತ್ತಿನ ಮೇಲಿಂದಲೇ ಚೌಕಟ್ಟು ನೋಡಿದ. ನೋಡಿ ಮೆಚ್ಚಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು. "ಕೆಲಸ ಭಾಳ ಚೊಲೊ ಐತಿ," ಎಂದ. "ಖರೇ ಹೇಳಬೇಕಂದ್ರ ಕಾಳಪ್ಪಗೂ ಇಷ್ಟು ಸಾಫ್ ಕೈ ಇರಲಿಲ್ಲಂತ ನಮ್ಮ ಅಜ್ಜ ಹೇಳಿದ್ದರಾಗ ತಿಳೀತೈತಿ. ಆದ್ರ ಊರು ಯಾವುದಕ್ಕ ಕಾಳು ಕೊಡತೈತಿ ಅದನ್ನಷ್ಟ ನಾವು ಹೇಳೂದು. ನಿನಗ ಕಾಳು ಬಂದದ್ದು ಕುಂತದ್ದಕ್ಕ. ಸಹಿ ಮಾಡಿ ತಗೊಂಡಿ."

ಸಿದ್ದಲಿಂಗೇಶ ಬೇವಿನ ಮರದ ಕಡೆ ನೋಡಿದ. ಆಮೇಲೆ ಕೇಳಿದ: "ಹಂಗಾರ ಮಾನಪ್ಪಜ್ಜಗೂ ಒಂದು ಮರ ಇತ್ತೇನು?"

"ಯಾವ ಮರ?"

"ಹೊರಗ. ಚಾವಡಿ ಹೊರಗ. ಒಂದು ಗಾಲಿ ಕಳಚಿತು, ಖರೆ. ಆದ್ರ ಕಾಳಪ್ಪಗ ಬಾಚಿ ಹಿಡ್ಯೂದು ಯಾರು ಕಲಿಸಿದ್ರು? ಅದು ಎಲ್ಲೂ ಬರಲಿಲ್ಲಲ್ಲ, ನಿನ್ನ ಹೇಳಿಕಿ ಒಳಗ."

ಭಾಗಪ್ಪ ಬಾರಿಸಲೆಂದು ಎತ್ತಿದ ಗಂಟೆಯನ್ನು ಕೆಳಗಿಳಿಸಿದ. ವಂಶಾವಳಿ ಹೇಳುವವನು ಯೋಚಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇದ್ದಿರಬೇಕು," ಎಂದ. "ಕಾಳು ಹಾಕಿ ಕೇಳಿದವರು ಯಾರೂ ಇಲ್ಲ."

ಗುರುಸಿದ್ದವ್ವ ಮೊರದಲ್ಲಿದ್ದ ಜೋಳವನ್ನು ಅವನ ಚೀಲಕ್ಕೆ ಸುರಿದಳು. ಬಬಲೇಶ್ವರದ ವರ್ತಕರು ಕೊಟ್ಟ ಜೋಳವೇ ಅದು. ಸುರಿದು, ಸೆರಗಿನಿಂದ ಕೈ ಒರೆಸಿಕೊಂಡು, ಮಗನಿಗೆ ಚಹಾ ತರಲು ಮಾಬುಬಿಯ ಅಂಗಡಿಗೆ ಹೋದಳು. ಸಿದ್ದಲಿಂಗೇಶ ಮರದ ಕೆಳಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಬಾಚಿ ಎತ್ತಿಕೊಂಡ. ಸಂತೆಯವರು ಸಂತೆಗೆ ಹೋದರು.

ನಾನು ಒಳಗೆ ಹೋಗಿ ತಪಾಸಣೆ ಮುಗಿಸಿದೆ. ಕುರ್ಚಿ ಇತ್ತು, ಟವೆಲ್ ಇತ್ತು. ಹೊಸ್ತಿಲ ಬಳಿ ನೆಲದ ಮೇಲೆ ಮಾತ್ರ ಒಂದಿಷ್ಟು ಕಟ್ಟಿಗೆಯ ಹೊಟ್ಟು ಬಿದ್ದಿತ್ತು. ಬಗ್ಗಿ ನೋಡಿದೆ. ಭಾಗಪ್ಪನ ಎತ್ತು ಮರದ ಕೆಳಗಿನಿಂದ ಬಂದು ಹೊಸ್ತಿಲೊಳಗೆ ಮುಂಗಾಲಿಟ್ಟಾಗ ಅದರ ಗೊರಸಿಗೆ ಅಂಟಿಕೊಂಡು ಬಂದದ್ದು. ಎತ್ತು ನಮ್ಮ ಕಚೇರಿಯ ನೋಂದಾಯಿತ ಸಾಕ್ಷಿದಾರ, ಅದರ ಹೇಳಿಕೆಯನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಹಾಗಂತ ಬರೆದುಕೊಳ್ಳುವ ಕಾಲಮ್ಮೂ ಇಲ್ಲ. ಆದ್ದರಿಂದ ಹೊಟ್ಟನ್ನು ಕಾಲಿನಿಂದ ಹೊಸ್ತಿಲಾಚೆ ಸರಿಸಿ, ಎಲ್ಲ ನಿಯಮದಂತೆ ಇದೆಯೆಂದು ಷರಾ ಬರೆದು, ವಿಜಯಪುರದ ಬಸ್ಸು ಹಿಡಿದೆ.